ದೂರದಿಂದ ರೋಬೋಟ್ ಓಡಿಸುವವರಿಗೆ ಪರದೆ ಕಟ್ಟುವುದು ಹೇಗೆ?

"ಕ್ಯಾಮೆರಾ ಬರುತ್ತಿದೆ, ವೈಫೈ ಸಿಗುತ್ತಿದೆ, ಜಾಯ್‌ಸ್ಟಿಕ್ ಒತ್ತಿದರೆ ಗಾಡಿ ಹೋಗುತ್ತದೆ. ಆದರೆ ಪರದೆ ನೋಡಿಕೊಂಡು ಓಡಿಸಿದರೆ ಮರಕ್ಕೆ ಗುದ್ದುತ್ತದೆ, ಇಲ್ಲವೇ ಬಸಿಗಾಲುವೆಗೆ ಇಳಿಯುತ್ತದೆ. ಏನು ಮಾಡೋದು?" ದಾವಣಗೆರೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಚನ್ನಗಿರಿ ಕಡೆ ಅಡಿಕೆ ತೋಟಕ್ಕೆ ಸಿಂಪಡಣೆ ಗಾಡಿ ಕಟ್ಟುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವವರಲ್ಲಿ ಹೆಚ್ಚಿನವರು ಉತ್ತರವನ್ನು ಮೋಟರಿನಲ್ಲೋ ಕ್ಯಾಮೆರಾದ ರೆಸಲ್ಯೂಷನ್ನಿನಲ್ಲೋ ಹುಡುಕುತ್ತಾರೆ. ತೊಂದರೆ ಇರುವುದು ಬಹುಪಾಲು ಪರದೆಯಲ್ಲಿ, ಅಂದರೆ ಚಾಲಕನ ಮುಂದಿನ ಕಂಪ್ಯೂಟರಿನಲ್ಲಿ ಚಿತ್ರ, ಅಂಕಿ, ಗುಂಡಿಗಳನ್ನು ಜೋಡಿಸಿದ ರೀತಿಯಲ್ಲಿ. ಪರದೆ ತೋರಿಸುವುದು ಈಗಿನದ್ದಲ್ಲ, ಸ್ವಲ್ಪ ಹೊತ್ತಿನ ಹಿಂದಿನದು. ಅದನ್ನು ಮುಚ್ಚಿಟ್ಟ ಪರದೆ ಚಾಲಕನಿಗೆ ಮೋಸ ಮಾಡುತ್ತದೆ, ತೆರೆದು ಹೇಳಿದ ಪರದೆ ಅವನನ್ನು ಕಾಯುತ್ತದೆ. ಕೆಳಗಿನ ಹಂತಗಳೆಲ್ಲ ಈ ಒಂದು ಮಾತಿನ ಸುತ್ತಲೇ ಇವೆ.

ಉದಾಹರಣೆಗೆ ಒಂದು ಗಾಡಿ ಇಟ್ಟುಕೊಳ್ಳೋಣ: 80 ಸೆಂ.ಮೀ. ಅಗಲ, ಮೇಲೆ ಔಷಧಿ ಟ್ಯಾಂಕು ಮತ್ತು ಪಂಪು, ಗರಿಷ್ಠ ವೇಗ ಸೆಕೆಂಡಿಗೆ 0.6 ಮೀಟರ್. ಅಡಿಕೆ ಸಾಲುಗಳ ನಡುವಿನ ಅಂತರ 2.7 ಮೀಟರ್, ಅಂದರೆ ನಮ್ಮ ಲೆಕ್ಕದ 9 ಅಡಿ. ಜಾಗ ಧಾರಾಳವಾಗಿಯೇ ಇದೆ. ಆದರೆ ನಡುವೆ ಬಸಿಗಾಲುವೆ, ಡ್ರಿಪ್ ಪೈಪು, ಬಿದ್ದ ಸೋಗೆ ಇವೆ. ಚಾಲಕ ತೋಟದ ಅಂಚಿನಲ್ಲಿ, ಔಷಧಿಯ ಗಾಳಿ ತಾಗದ ಕಡೆ ಕೂತಿರುತ್ತಾನೆ.

ಬೇಕಾಗುವ ಸಾಮಾನು

ಗಾಡಿಯ ಮೇಲೆ ಸೆಕೆಂಡಿಗೆ 30 ಚಿತ್ರ ಕೊಡುವ 720ಪಿ ಕ್ಯಾಮೆರಾ ಎರಡು (ಮುಂದೆ, ಹಿಂದೆ), ವಾಲಿಕೆ ಅಳೆಯುವ ಐಎಂಯು ಸೆನ್ಸರ್, ಚಕ್ರದ ಸುತ್ತು ಎಣಿಸುವ ಎನ್‌ಕೋಡರ್, ರಾಸ್ಪ್‌ಬೆರಿ ಪೈ ಅಥವಾ ಜೆಟ್ಸನ್‌ನಂಥ ಕಂಪ್ಯೂಟರ್. ಚಾಲಕನ ಬಳಿ ಲ್ಯಾಪ್‌ಟಾಪ್ ಮತ್ತು ಗೇಮ್‌ಪ್ಯಾಡ್. ಇವುಗಳ ಜೊತೆಗೆ ಅಳತೆ ಟೇಪು, ಒಂದು ಕೆ.ಜಿ. ರಂಗೋಲಿ ಪುಡಿ, ಸ್ಟಾಪ್‌ವಾಚ್ ಇರುವ ಫೋನು. ಕೊನೆಯ ಮೂರನ್ನು ಯಾರೂ ಪಟ್ಟಿಗೆ ಸೇರಿಸುವುದಿಲ್ಲ, ಆದರೆ ಹೆಚ್ಚು ಕೆಲಸಕ್ಕೆ ಬರುವುದು ಅವೇ.

ಸಾಫ್ಟ್‌ವೇರ್ ರಾಸ್ 2 (ರೋಬೋಟ್ ಕಟ್ಟುವವರು ಬಳಸುವ ಮುಕ್ತ ತಂತ್ರಾಂಶ, ROS 2) ಇದ್ದರೆ ಸಾಕು. ಆದರೆ ಅದರ ಜೊತೆ ಬರುವ ಆರ್‌ವಿಜ್ ಪರದೆಯನ್ನೇ ಚಾಲಕನ ಮುಂದೆ ಇಡಬೇಡಿ. ಅದು ಗಾಡಿ ಕಟ್ಟುವವರು ದೋಷ ಹುಡುಕಲು ಬಳಸುವ ಸಾಧನ. ಚಾಲಕನಿಗೆ ಬ್ರೌಸರ್‌ನಲ್ಲಿ ತೆರೆಯುವ ಬೇರೆ ಪುಟ ಮಾಡಿ.

ಹಂತ 1: ಮೊದಲು ಪ್ರಶ್ನೆ ಬರೆಯಿರಿ, ಆಮೇಲೆ ಚಿತ್ರ

ಓಡಿಸುವಾಗ ಚಾಲಕನ ತಲೆಯಲ್ಲಿ ಇರುವ ಪ್ರಶ್ನೆಗಳು ಕೆಲವೇ: ಗಾಡಿ ಎಲ್ಲಿದೆ, ಎತ್ತ ಮುಖ ಮಾಡಿದೆ? ಸುತ್ತ ಏನಿದೆ? ಈಗ ಜಾಯ್‌ಸ್ಟಿಕ್ ಕೈಬಿಟ್ಟರೆ ಎಲ್ಲಿ ನಿಲ್ಲುತ್ತದೆ? ವಾಪಸ್ ಬರುವಷ್ಟು ಚಾರ್ಜ್ ಇದೆಯೇ? ಪಂಪು ಓಡುತ್ತಿದೆಯೇ? ಇವನ್ನು ಕಾಗದದ ಮೇಲೆ ಬರೆದು, ಪ್ರತಿ ಪ್ರಶ್ನೆಗೆ ಪರದೆಯ ಯಾವ ಭಾಗ ಉತ್ತರ ಕೊಡುತ್ತದೆ ಎಂದು ಗುರುತು ಹಾಕಿ. ಯಾವ ಪ್ರಶ್ನೆಗೂ ಉತ್ತರವಾಗದ ಅಂಕಿಯನ್ನು ತೆಗೆದುಬಿಡಿ. ಪ್ರೊಸೆಸರ್‌ನ ಬಿಸಿ, ಮೋಟರ್‌ನ ಕರೆಂಟು ಇವೆಲ್ಲ ಮಿತಿ ಮೀರಿದಾಗ ಮಾತ್ರ ಕಾಣಿಸಿಕೊಂಡರೆ ಸಾಕು.

ಹಂತ 2: ವಿಳಂಬ ಅಳೆಯಿರಿ

ವಿಳಂಬ ಅಂದರೆ ಕ್ಯಾಮೆರಾ ಮುಂದೆ ನಡೆದದ್ದು ಪರದೆಯ ಮೇಲೆ ಕಾಣಲು ಹಿಡಿಯುವ ಹೊತ್ತು. ಅಂದಾಜು ಬೇಡ, ಅಳೆಯುವುದು ಸುಲಭ. ಫೋನಿನಲ್ಲಿ ಸ್ಟಾಪ್‌ವಾಚ್ ಓಡಿಸಿ ಗಾಡಿಯ ಕ್ಯಾಮೆರಾ ಮುಂದೆ ಹಿಡಿಯಿರಿ. ಆ ಫೋನು ಮತ್ತು ಲ್ಯಾಪ್‌ಟಾಪ್ ಪರದೆ ಎರಡೂ ಒಟ್ಟಿಗೆ ಬರುವಂತೆ ಇನ್ನೊಂದು ಫೋನಿನಿಂದ ಫೋಟೋ ತೆಗೆಯಿರಿ. ಎರಡು ಅಂಕಿಗಳ ವ್ಯತ್ಯಾಸವೇ ವಿಳಂಬ. ಹೀಗೆ 20 ಫೋಟೋ ತೆಗೆದು ಸರಾಸರಿಯನ್ನಲ್ಲ, ಅತಿ ಹೆಚ್ಚು ಬಂದದ್ದನ್ನು ಬರೆದಿಡಿ. ಗಾಡಿ ಗುದ್ದುವುದು ಸರಾಸರಿ ಗಳಿಗೆಯಲ್ಲಲ್ಲ.

ಅಳತೆಯನ್ನು ಕೋಣೆಯಲ್ಲಿ ಒಮ್ಮೆ, ತೋಟದೊಳಗೆ ಸಂಜೆ ಒಮ್ಮೆ ಮಾಡಿ. ಅಗ್ಗದ ಯುಎಸ್‌ಬಿ ಕ್ಯಾಮೆರಾಗಳು ಬೆಳಕು ಕಡಿಮೆಯಾದಾಗ ಪ್ರತಿ ಚಿತ್ರಕ್ಕೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತವೆ. 30 ಚಿತ್ರ ಇದ್ದದ್ದು 15ಕ್ಕೆ ಇಳಿದು ವಿಳಂಬ ತಾನಾಗಿ ಏರುತ್ತದೆ. ಹಗಲಲ್ಲಿ ಸರಿ ಇದ್ದದ್ದು ಸಂಜೆ ಕೆಡುವುದಕ್ಕೆ ಇದೊಂದು ಕಾರಣ. ಒದ್ದೆ ಎಲೆಗಳು ವೈಫೈ ಅಲೆಯನ್ನು ಹೀರುವುದು ಇನ್ನೊಂದು. ಎಲೆ ದಟ್ಟ ಇರುವ ಕಡೆ 5 ಗಿಗಾಹರ್ಟ್ಸ್‌ಗಿಂತ 2.4 ಗಿಗಾಹರ್ಟ್ಸ್ ದೂರ ತಲುಪುತ್ತದೆ.

ವಿಳಂಬ ಸೆಕೆಂಡುಗಳಲ್ಲಿ ಬಂದರೆ ನೀವು ಸಿನಿಮಾ ತೋರಿಸಲು ಮಾಡಿದ ದಾರಿಯಲ್ಲಿ ವಿಡಿಯೋ ಕಳಿಸುತ್ತಿದ್ದೀರಿ ಎಂದರ್ಥ. ಎಚ್‌ಎಲ್‌ಎಸ್‌ನಂಥ ವಿಧಾನಗಳು ಚಿತ್ರವನ್ನು ಕೂಡಿಟ್ಟು, ತುಂಡು ತುಂಡಾಗಿ ಕಳಿಸುತ್ತವೆ. ಬದಲಿಗೆ ವಿಡಿಯೋ ಕರೆಗಳಲ್ಲಿ ಇರುವ ವೆಬ್‌ಆರ್‌ಟಿಸಿ ವಿಧಾನ ಬಳಸಿ. ವಿಡಿಯೋ ಕುಗ್ಗಿಸುವ ಎಚ್.264 ಎನ್‌ಕೋಡರ್‌ನಲ್ಲಿ (ಇದು ಚಕ್ರದ ಎನ್‌ಕೋಡರ್ ಅಲ್ಲ) ಬಿ-ಫ್ರೇಮ್‌ಗಳನ್ನು ಆಫ್ ಮಾಡಿ. ಅವು ಮುಂದಿನ ಚಿತ್ರ ಬರುವವರೆಗೆ ಕಾದು ಸಿದ್ಧವಾಗುವ ಚಿತ್ರಗಳು, ನಮಗೆ ಕಾಯುವ ಪುರುಸೊತ್ತಿಲ್ಲ. ಸಾಲದಿದ್ದರೆ ರೆಸಲ್ಯೂಷನ್ ಇಳಿಸಿ. ಮಸುಕಾದ ಹೊಸ ಚಿತ್ರ, ಸ್ಫುಟವಾದ ಹಳೆಯ ಚಿತ್ರಕ್ಕಿಂತ ಮೇಲು.

ಇಷ್ಟು ಮಾಡಿಯೂ ವಿಳಂಬ ಅರ್ಧ ಸೆಕೆಂಡ್ ದಾಟಿದರೆ ಜಾಯ್‌ಸ್ಟಿಕ್ ಹಿಡಿದು ಓಡಿಸುವ ಕ್ರಮವನ್ನೇ ಬಿಡಿ. ವಿಳಂಬ ಹೆಚ್ಚಿದಾಗ ಜನ ಯಾರೂ ಹೇಳಿಕೊಡದೆಯೇ ಸ್ವಲ್ಪ ಸರಿಸಿ, ಕಾದು, ನೋಡಿ, ಮತ್ತೆ ಸರಿಸುತ್ತಾರೆ ಎಂಬುದನ್ನು 1960ರ ದಶಕದಲ್ಲೇ ಅಮೆರಿಕದ ಎಂಐಟಿಯಲ್ಲಿ ಸಂಶೋಧಕರಾದ ಫೆರೆಲ್ ಮತ್ತು ಶೆರಿಡನ್ ಗುರುತಿಸಿದ್ದರು. ಚಂದ್ರನಿಗೆ ಸಂಕೇತ ಹೋಗಿಬರಲು ಎರಡೂವರೆ ಸೆಕೆಂಡಿಗೂ ಹೆಚ್ಚು ಬೇಕು. 2023ರ ಆಗಸ್ಟ್ 27ರಂದು ಚಂದ್ರನ ಮೇಲಿದ್ದ ಪ್ರಜ್ಞಾನ್ ರೋವರ್‌ಗೆ 3 ಮೀಟರ್ ಮುಂದೆ 4 ಮೀಟರ್ ಅಗಲದ ಕುಳಿ ಎದುರಾದಾಗ ಇಸ್ರೋದವರು ಅದನ್ನು ಬಂದ ದಾರಿಯಲ್ಲೇ ಹಿಂದಿರುಗಿಸಿದರು. ಚಿತ್ರ ನೋಡಿ, ತೀರ್ಮಾನಿಸಿ, ಆಮೇಲೆ ಹೊಸ ಆಜ್ಞೆ ಕೊಡುವ ಕ್ರಮ ಅದು. ನಿಮ್ಮ ಪರದೆಗೂ ಅದೇ ಹೆಜ್ಜೆ ಕ್ರಮ ಇರಲಿ: ಒಮ್ಮೆ ಒತ್ತಿದರೆ ಗಾಡಿ 50 ಸೆಂ.ಮೀ. ಹೋಗಿ ನಿಲ್ಲಬೇಕು. ಹೊಸ ಚಿತ್ರ ಬಂದ ಮೇಲೆಯೇ ಮುಂದಿನ ಒತ್ತು ನಡೆಯಬೇಕು.

ಹಂತ 3: ಚಿತ್ರದ ವಯಸ್ಸು ತೋರಿಸಿ

ಎಲ್ಲಕ್ಕಿಂತ ಅಪಾಯದ ಚಿತ್ರ ನಿಂತುಹೋದ ಚಿತ್ರ. ಕಪ್ಪಾದ ಪರದೆ ಕಂಡರೆ ಚಾಲಕ ಕೈ ತೆಗೆಯುತ್ತಾನೆ. ನಿಂತುಹೋದ ಚಿತ್ರದಲ್ಲಿ ದಾರಿ ಖಾಲಿ ಇದ್ದರೆ ಇನ್ನಷ್ಟು ಒತ್ತುತ್ತಾನೆ.

ಸುಲಭದ ಉಪಾಯ: ಗಾಡಿಯ ಕಂಪ್ಯೂಟರ್‌ನಲ್ಲೇ ಪ್ರತಿ ಚಿತ್ರದ ಮೂಲೆಯಲ್ಲಿ ತಿರುಗುವ ಮುಳ್ಳೊಂದನ್ನು ಬರೆದು ಕಳಿಸಿ. ಮುಳ್ಳು ನಿಂತರೆ ಚಿತ್ರ ನಿಂತಿದೆ. ಇಲ್ಲಿ ಒಂದು ಎಚ್ಚರಿಕೆ. ಮುಳ್ಳನ್ನು ಗಡಿಯಾರಕ್ಕೆ ಕಟ್ಟಬೇಡಿ, ಕ್ಯಾಮೆರಾದಿಂದ ಹೊಸ ಚಿತ್ರ ಬಂದಾಗ ಮಾತ್ರ ಮುಂದೆ ಸರಿಸಿ. ಇಲ್ಲದಿದ್ದರೆ ಕ್ಯಾಮೆರಾ ಸತ್ತರೂ ಹಳೆಯ ಚಿತ್ರದ ಮೇಲೆ ಮುಳ್ಳು ತಿರುಗುತ್ತಲೇ ಇರುತ್ತದೆ.

ಇನ್ನೂ ಒಳ್ಳೆಯದು ಚಿತ್ರಕ್ಕೆ ಸಮಯದ ಮುದ್ರೆ ಒತ್ತಿ, ವಯಸ್ಸನ್ನು ಲ್ಯಾಪ್‌ಟಾಪ್‌ನಲ್ಲಿ ಲೆಕ್ಕ ಹಾಕುವುದು. ಅದಕ್ಕೆ ಎರಡೂ ಕಂಪ್ಯೂಟರ್‌ಗಳ ಗಡಿಯಾರ ಒಂದೇ ಆಗಿರಬೇಕು. ಲಿನಕ್ಸ್‌ನಲ್ಲಿ ಕ್ರೋನಿ ಎಂಬ ತಂತ್ರಾಂಶ ಈ ಕೆಲಸ ಮಾಡುತ್ತದೆ. ವಯಸ್ಸು 300 ಮಿಲಿಸೆಕೆಂಡ್ ಒಳಗಿದ್ದರೆ ಏನನ್ನೂ ತೋರಿಸಬೇಡಿ. ಅದನ್ನು ದಾಟಿದರೆ ಚಿತ್ರದ ಸುತ್ತ ದಪ್ಪ ಹಳದಿ ಅಂಚು. ಒಂದು ಸೆಕೆಂಡ್ ದಾಟಿದರೆ ಚಿತ್ರವನ್ನೇ ಬೂದು ಮಾಡಿ, ನಡುವೆ ದೊಡ್ಡದಾಗಿ "ಹಳೆಯ ಚಿತ್ರ – 3 ಸೆಕೆಂಡ್" ಎಂದು ಬರೆಯಿರಿ. ವೈಫೈನ ನಾಲ್ಕು ಕಡ್ಡಿಗಳನ್ನು ನಂಬಬೇಡಿ. ಕಡ್ಡಿ ಪೂರ್ತಿ ಇದ್ದೂ ಚಿತ್ರ ಬರದಿರುವುದು ಸಾಮಾನ್ಯ.

ಹಂತ 4: ಕಿಂಡಿಯನ್ನು ದೊಡ್ಡದು ಮಾಡಿ

ಚಿತ್ರದುರ್ಗದ ಕೋಟೆಯಲ್ಲಿ ಓಬವ್ವನ ಕಿಂಡಿ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಆ ಕಿಂಡಿಯಲ್ಲಿ ನುಸುಳುವವನಿಗೆ ಆಚೆ ಏನಿದೆ ಎಂಬುದು ತಲೆ ಹೊರಗಿಟ್ಟ ಮೇಲೆಯೇ ಗೊತ್ತಾಗುವುದು. ಒಂದೇ ಕ್ಯಾಮೆರಾದಲ್ಲಿ ನೋಡುವ ಚಾಲಕನ ಸ್ಥಿತಿಯೂ ಅದೇ. ಮನುಷ್ಯನ ಎರಡು ಕಣ್ಣು ಸೇರಿ ಅಡ್ಡಲಾಗಿ ಸುಮಾರು 200 ಡಿಗ್ರಿ ಕಂಡರೆ, ಮಾಮೂಲಿ ವೆಬ್‌ಕ್ಯಾಮ್‌ಗೆ 60ರ ಆಸುಪಾಸು.

ಹಾಗೆಂದು 150 ಡಿಗ್ರಿಯ ಮೀನುಗಣ್ಣಿನ ಲೆನ್ಸ್ ಹಾಕಿದರೆ ಇನ್ನೊಂದು ತೊಂದರೆ. ವಸ್ತುಗಳು ಇರುವುದಕ್ಕಿಂತ ಚಿಕ್ಕದಾಗಿ, ದೂರದಲ್ಲಿ ಕಾಣುತ್ತವೆ, ಮರ ಹತ್ತಿರ ಬಂದದ್ದು ತಿಳಿಯುವುದಿಲ್ಲ. ಮುಂದಿನ ಕ್ಯಾಮೆರಾಗೆ 90ರಿಂದ 100 ಡಿಗ್ರಿ ಹದವಾದದ್ದು.

ಎತ್ತರ ಅದಕ್ಕಿಂತ ಮುಖ್ಯ. ಲೆಕ್ಕ ನೋಡಿ. ಬಸಿಗಾಲುವೆ 45 ಸೆಂ.ಮೀ. ಅಗಲ, 3 ಮೀಟರ್ ಮುಂದಿದೆ. ಕ್ಯಾಮೆರಾ ನೆಲದಿಂದ 40 ಸೆಂ.ಮೀ. ಎತ್ತರದಲ್ಲಿದ್ದರೆ ಕಾಲುವೆಯ ಆಚೆ ಗೋಡೆಯ ಮೇಲಿನ 6 ಸೆಂ.ಮೀ. ಮಾತ್ರ ಕಾಣುತ್ತದೆ. ಪರದೆಯಲ್ಲಿ ಅದೊಂದು ತೆಳು ಗೆರೆ, ನೆರಳೆಂದೋ ಸೋಗೆಯ ಅಂಚೆಂದೋ ಅನ್ನಿಸುತ್ತದೆ. ಅದೇ ಕ್ಯಾಮೆರಾವನ್ನು ಕಂಬ ಹಾಕಿ 1.2 ಮೀಟರ್‌ಗೆ ಏರಿಸಿದರೆ 18 ಸೆಂ.ಮೀ. ಕಾಣುತ್ತದೆ, ಕಾಲುವೆ ಕಾಲುವೆಯಾಗಿಯೇ ತೋರುತ್ತದೆ. ಎದ್ದು ನಿಂತ ಅಡ್ಡಿಗಿಂತ ತಗ್ಗು ಗುರುತಿಸುವುದು ಕಷ್ಟ. ಗಾಡಿಗಳು ಕಾಲುವೆಗೆ ಇಳಿಯುವುದು ಚಾಲಕನ ಅಜಾಗರೂಕತೆಯಿಂದ ಅಲ್ಲ, ಕ್ಯಾಮೆರಾ ಗಿಡ್ಡವಾಗಿರುವುದರಿಂದ.

ಕ್ಯಾಮೆರಾವನ್ನು ತುಸು ಬಾಗಿಸಿ, ಗಾಡಿಯ ಮುಂಭಾಗ ಚಿತ್ರದ ಕೆಳಗಿನ ಹತ್ತನೇ ಒಂದು ಭಾಗದಲ್ಲಿ ಕಾಣುವಂತಿರಲಿ. ತನ್ನ ಗಾಡಿಯ ಮೂತಿ ಕಾಣದೆ ಇದ್ದರೆ ಅಗಲದ ಅಂದಾಜು ಸಿಗುವುದಿಲ್ಲ. ತಿರುಗುವ ಕ್ಯಾಮೆರಾ ಇದ್ದರೆ ಅದು ನೇರ ಇಲ್ಲದಾಗಲೆಲ್ಲ ದೊಡ್ಡ ಬಾಣದಿಂದ ತೋರಿಸಿ, ಒಂದೇ ಗುಂಡಿಗೆ ನೇರವಾಗುವಂತೆ ಮಾಡಿ. ಕ್ಯಾಮೆರಾ ಎಡಕ್ಕೆ ತಿರುಗಿದ್ದನ್ನು ಮರೆತು ಗಾಡಿಯೇ ಅತ್ತ ಮುಖ ಮಾಡಿದೆ ಎಂದು ಓಡಿಸುವ ತಪ್ಪನ್ನು ನುರಿತವರೂ ಮಾಡುತ್ತಾರೆ.

ಹಂತ 5: ರಂಗೋಲಿ ಪುಡಿಯಿಂದ ಅಳತೆಗೆರೆ

ಕಾರಿನ ರಿವರ್ಸ್ ಕ್ಯಾಮೆರಾದಲ್ಲಿ ಬಣ್ಣದ ಗೆರೆ ನೋಡಿದ್ದೀರಲ್ಲ, ಅದೇ ಇದು. ಗಾಡಿಯನ್ನು ಸಮತಟ್ಟಾದ ಸಿಮೆಂಟ್ ಕಣದ ಮೇಲೆ ನಿಲ್ಲಿಸಿ. ಮುಂಭಾಗದಿಂದ 1, 2, 3 ಮೀಟರ್ ದೂರಕ್ಕೆ ಅಡ್ಡಗೆರೆ ಎಳೆಯಿರಿ. ಗಾಡಿಯ ಅಗಲಕ್ಕೆ ಎರಡೂ ಬದಿ 10 ಸೆಂ.ಮೀ. ಸೇರಿಸಿ, ಅಂದರೆ ಒಟ್ಟು ಒಂದು ಮೀಟರ್ ಅಂತರದಲ್ಲಿ, ಎರಡು ಉದ್ದಗೆರೆ ಎಳೆಯಿರಿ. ಪರದೆಯ ಚಿತ್ರ ಸೆರೆಹಿಡಿದು, ಪುಡಿಯ ಗೆರೆಗಳು ಬಿದ್ದ ಜಾಗದಲ್ಲೇ ಪರದೆಯ ಮೇಲೆ ಗೆರೆ ಮೂಡಿಸಿ. ಕ್ಯಾಮೆರಾದ ಬೋಲ್ಟ್ ಸಡಿಲಿಸಿದರೆ ಇಡೀ ಕೆಲಸ ಮತ್ತೆ ಮಾಡಬೇಕು.

ಈಗ ನಿಲ್ಲುವ ಗೆರೆ. ಇದು ಪರದೆಯ ಅತ್ಯಂತ ಬೆಲೆಬಾಳುವ ಗೆರೆ. ಚಿತ್ರದ ವಿಳಂಬ 250 ಮಿಲಿಸೆಕೆಂಡ್, ಚಾಲಕ ನೋಡಿ ಕೈ ಬಿಡಲು 700, ಆಜ್ಞೆ ಗಾಡಿಗೆ ತಲುಪಲು 50 ಎಂದಿಟ್ಟುಕೊಳ್ಳಿ. ಒಟ್ಟು ಒಂದು ಸೆಕೆಂಡ್. 0.6 ಮೀಟರ್ ವೇಗದಲ್ಲಿ ಅಷ್ಟರೊಳಗೆ ಗಾಡಿ 60 ಸೆಂ.ಮೀ. ಹೋಗಿರುತ್ತದೆ. ಬ್ರೇಕ್ ಹಿಡಿದ ಮೇಲೆ ಇನ್ನೊಂದು 15. ಹೀಗಾಗಿ 75 ಸೆಂ.ಮೀ. ಒಳಗೆ ಕಂಡದ್ದಕ್ಕೆ ಗಾಡಿ ತಾಗಿಯೇ ತಾಗುತ್ತದೆ. ಆ ದೂರಕ್ಕೆ ದಪ್ಪ ಕೆಂಪು ಗೆರೆ ಹಾಕಿ, ವೇಗ ಬದಲಾದಂತೆ ಗೆರೆಯೂ ಸರಿಯಲಿ. ಅರ್ಧ ವೇಗದಲ್ಲಿ ಅದು ಸುಮಾರು 34 ಸೆಂ.ಮೀ.ಗೆ ಇಳಿಯುತ್ತದೆ, ಏಕೆಂದರೆ ಬ್ರೇಕಿನ ದೂರ ವೇಗದ ವರ್ಗದಂತೆ ತಗ್ಗುತ್ತದೆ. ವಿಳಂಬ ಏರಿದರೆ ಗೆರೆ ಮುಂದಕ್ಕೆ ಹೋಗಬೇಕು. ಆಗ ಚಾಲಕನೇ ವೇಗ ತಗ್ಗಿಸುತ್ತಾನೆ, ಯಾರೂ ಹೇಳಬೇಕಿಲ್ಲ.

ಈ ಗೆರೆಗಳು ಸಮತಟ್ಟು ನೆಲಕ್ಕೆ ಮಾತ್ರ ಸರಿ. ಮುಂದೆ ಇಳಿಜಾರಿದ್ದರೆ ನಿಜವಾದ ದೂರ ಗೆರೆ ಹೇಳಿದ್ದಕ್ಕಿಂತ ಹೆಚ್ಚು, ಏರಿದ್ದರೆ ಕಡಿಮೆ. ಚಾಲಕನಿಗೆ ಇದನ್ನು ಬಾಯಿಬಿಟ್ಟು ಹೇಳಿ.

ಹಂತ 6: ಚಿತ್ರ ಹೇಳದ ಸಂಗತಿಗಳು

ವಾಲಿಕೆ. ಕ್ಯಾಮೆರಾ ಗಾಡಿಗೇ ಅಂಟಿರುವುದರಿಂದ ಗಾಡಿ ವಾಲಿದರೆ ಚಿತ್ರವೂ ಜೊತೆಗೇ ವಾಲುತ್ತದೆ. ದಿಗಂತ ಕಾಣದ ತೋಟದೊಳಗೆ ಎಲ್ಲ ನೆಟ್ಟಗಿರುವಂತೆ ತೋರುತ್ತದೆ. ಗಾಡಿಯ ಹಿಂಬದಿಯ ಮತ್ತು ಪಕ್ಕದ ಚಿಕ್ಕ ರೇಖಾಚಿತ್ರ ಹಾಕಿ, ಐಎಂಯು ಕೊಟ್ಟ ಕೋನಕ್ಕೆ ಅದನ್ನು ವಾಲಿಸಿ. ಮಿತಿ ಗೊತ್ತಾಗಬೇಕಾದರೆ ಗಾಡಿಯನ್ನು ಹಲಗೆಯ ಮೇಲೆ ಹಗ್ಗ ಕಟ್ಟಿ ನಿಲ್ಲಿಸಿ, ನಿಧಾನ ಎತ್ತಿ, ಎಷ್ಟು ಡಿಗ್ರಿಗೆ ಚಕ್ರ ಏಳುತ್ತದೆ ನೋಡಿ. ಟ್ಯಾಂಕು ಪೂರ್ತಿ ತುಂಬಿಸಿ ಒಮ್ಮೆ, ಅರ್ಧ ತುಂಬಿಸಿ ಒಮ್ಮೆ ಮಾಡಿ. ಅರ್ಧ ಟ್ಯಾಂಕಿನ ನೀರು ಒಂದೇ ಬದಿಗೆ ಹರಿಯುತ್ತದೆ. ಕಡಿಮೆ ಬಂದ ಕೋನದ ಅರ್ಧಕ್ಕೆ ಹಳದಿ, ಮುಕ್ಕಾಲಿಗೆ ಕೆಂಪು.

ಬ್ಯಾಟರಿ. ಶೇಕಡಾ ಅಂಕಿ ಬೇಡ. "ವಾಪಸ್ ಬರಲು 9 ನಿಮಿಷ, ಉಳಿದಿರುವುದು 21 ನಿಮಿಷ" ಎಂದರೆ ಯಾರಿಗೂ ಅರ್ಥವಾಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಾದರೆ ವೋಲ್ಟೇಜ್ ನೋಡಿ ಚಾರ್ಜ್ ಹೇಳಲೇಬೇಡಿ. ಅದರ ವೋಲ್ಟೇಜ್ ಬಹುಹೊತ್ತು ಒಂದೇ ಮಟ್ಟದಲ್ಲಿದ್ದು, ಕೊನೆಯಲ್ಲಿ ಒಮ್ಮೆಲೇ ಕುಸಿಯುತ್ತದೆ. ಒಳಹೋದ, ಹೊರಬಂದ ಕರೆಂಟನ್ನು ಲೆಕ್ಕ ಇಡುವ ಮೀಟರ್ ಹಾಕಿ.

ದಿಕ್ಕು. ಗಾಡಿ ಚಾಲಕನತ್ತ ಮುಖ ಮಾಡಿ ಬರುವಾಗ ಎಡ-ಬಲ ಅದಲು ಬದಲಾಗುತ್ತದೆ. ಗಾಡಿಯ ಎಡಬದಿಗೆ ನೀಲಿ ಪಟ್ಟಿ, ಬಲಕ್ಕೆ ಬಿಳಿ ಪಟ್ಟಿ ಬಳಿದು, ಪರದೆಯ ಎಡ ಬಲ ಅಂಚಿಗೂ ಅದೇ ಬಣ್ಣ ಕೊಡಿ.

ಹಂತ 7: ಕನ್ನಡದಲ್ಲಿ ಬರೆಯುವಾಗ

ಗಾಡಿ ಓಡಿಸುವವರು ಕನ್ನಡ ಓದುವವರು, ಪರದೆಯೂ ಕನ್ನಡದಲ್ಲೇ ಇರಬೇಕು. ಇಲ್ಲಿ ಎಡವುವುದು ಮೂರು ಕಡೆ.

ಮೊದಲನೆಯದು ಅಕ್ಷರ ಮೂಡಿಸುವುದು. ಓಪನ್‌ಸಿವಿ ಎಂಬ ಚಿತ್ರ ಸಂಸ್ಕರಣೆಯ ತಂತ್ರಾಂಶದಲ್ಲಿ ಚಿತ್ರದ ಮೇಲೆ ಬರೆಯುವ ಸೌಲಭ್ಯಕ್ಕೆ ಕನ್ನಡ ಬರುವುದಿಲ್ಲ, ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಪೈಥಾನ್‌ನ ಪಿಲ್ಲೋ ತಂತ್ರಾಂಶ ಬಳಸಿದರೆ ಅದರ ಜೊತೆ ಅಕ್ಷರಗಳನ್ನು ಕೂಡಿಸುವ ರಾಕ್ಮ್ ಜೋಡಣೆ ಇರಬೇಕು. ಇಲ್ಲದಿದ್ದರೆ ಒತ್ತಕ್ಷರಗಳು ಒಡೆದು ಪಕ್ಕಕ್ಕೆ ಬೀಳುತ್ತವೆ. ಎಲ್ಲಕ್ಕಿಂತ ಸುಲಭ, ವಿಡಿಯೋ ಮೇಲೆ ಬ್ರೌಸರ್‌ನಲ್ಲೇ ಬರಹದ ಪದರ ಇಡುವುದು. ನೋಟೋ ಸಾನ್ಸ್ ಕನ್ನಡ ಫಾಂಟು ಒಳ್ಳೆಯದು. ಒತ್ತಕ್ಷರಕ್ಕೆ ಜಾಗ ಬೇಕು, ಸಾಲಿನ ಎತ್ತರ ಅಕ್ಷರದ ಒಂದೂವರೆ ಪಟ್ಟು ಇರಲಿ. ಅಂಕಿಗಳು 1, 2, 3 ಆಗಿರಲಿ, ಎಲ್ಲಕ್ಕೂ ಒಂದೇ ಅಗಲವಿರಲಿ. ಇಲ್ಲದಿದ್ದರೆ ಬದಲಾಗುವ ಅಂಕಿ ಕುಣಿದಾಡಿ ಕಣ್ಣು ಸೆಳೆಯುತ್ತದೆ.

ಎರಡನೆಯದು ಮಾತು. ಗುಂಡಿಯ ಮೇಲೆ "ಪಂಪ್ ಆನ್" ಎಂದಿದ್ದರೆ ಪಂಪು ಈಗ ಓಡುತ್ತಿದೆಯೋ ಅಥವಾ ಒತ್ತಿದರೆ ಓಡುತ್ತದೆಯೋ? ಇಂಗ್ಲಿಷಿನ ಈ ಗೊಂದಲವನ್ನು ಕನ್ನಡಕ್ಕೆ ಹೊತ್ತು ತರುವ ಅಗತ್ಯವಿಲ್ಲ, ನಮ್ಮ ಕ್ರಿಯಾಪದವೇ ಬಿಡಿಸಿ ಹೇಳುತ್ತದೆ. ಆಜ್ಞೆಗೆ "ಪಂಪ್ ಓಡಿಸು", "ಪಂಪ್ ನಿಲ್ಲಿಸು". ಸ್ಥಿತಿಗೆ "ಪಂಪ್ ಓಡುತ್ತಿದೆ", "ಪಂಪ್ ನಿಂತಿದೆ". ಆಜ್ಞೆ ಗುಂಡಿಯ ಮೇಲೆ, ಸ್ಥಿತಿ ಗುಂಡಿಯ ಪಕ್ಕದಲ್ಲಿ. ಸ್ಥಿತಿಯನ್ನು ಗುಂಡಿ ಒತ್ತಿದ ಕೂಡಲೇ ಬದಲಿಸಬೇಡಿ. ಗಾಡಿಯಿಂದ ಉತ್ತರ ಬಂದ ಮೇಲೆ ಬದಲಿಸಿ, ಅಲ್ಲಿಯವರೆಗೆ "ಹೇಳಿದೆ, ಉತ್ತರ ಬಂದಿಲ್ಲ" ಎಂದಿರಲಿ.

ಮೂರನೆಯದು ಎಚ್ಚರಿಕೆಯ ಧಾಟಿ. "ದೋಷ 14" ಎಂದು ಬರೆದರೆ ಚಾಲಕನಿಗೆ ಏನೂ ಸಿಗದು. "ಎಡ ಮೋಟರ್ ಬಿಸಿಯಾಗಿದೆ. 5 ನಿಮಿಷ ನಿಲ್ಲಿಸಿ" ಎನ್ನಿ. ಕೆಂಪು-ಹಸಿರು ಬೇರೆ ಮಾಡಲಾಗದವರಿಗೂ ತಿಳಿಯುವಂತೆ ಬಣ್ಣದ ಜೊತೆಗೆ ಮಾತು, ಆಕಾರ ಎರಡೂ ಇರಲಿ.

ಹಂತ 8: ನಿಲ್ಲಿಸುವ ವ್ಯವಸ್ಥೆ

ಪರದೆಯ ಮೇಲಿನ ಕೆಂಪು ಗುಂಡಿ ತುರ್ತು ನಿಲುಗಡೆ ಅಲ್ಲ. ವೈಫೈ ಕೆಟ್ಟಾಗಲೇ ಅದು ಹೆಚ್ಚು ಬೇಕು, ಆಗಲೇ ಅದು ಕೆಲಸ ಮಾಡದು. ತುರ್ತು ನಿಲುಗಡೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 13850 ಹೇಳುವ ಹಳದಿ ಹಿನ್ನೆಲೆಯ ಕೆಂಪು ಅಣಬೆಯಾಕಾರದ ಗುಂಡಿ ಗಾಡಿಯ ಮೇಲೇ ಇರಬೇಕು, ಒತ್ತಿದರೆ ಮೋಟರಿನ ಕರೆಂಟೇ ಕಡಿಯಬೇಕು. ಚಾಲಕನ ಕೈಗೆ ಬೇರೆ ರೇಡಿಯೋದ ಇನ್ನೊಂದು ಗುಂಡಿ ಕೊಡಿ. ಅದರ ಸಂಕೇತ ನಿಂತರೂ ಗಾಡಿ ನಿಲ್ಲುವಂತಿರಬೇಕು. ಇಳಿಜಾರಿನಲ್ಲಿ ಕರೆಂಟು ಕಡಿದರೆ ಗಾಡಿ ಹಿಂದಕ್ಕೆ ಉರುಳಬಹುದು, ಸ್ಪ್ರಿಂಗಿನಿಂದ ತಾನೇ ಹಿಡಿಯುವ ಬ್ರೇಕು ಹಾಕಿಸಿ.

ಸಂಪರ್ಕ ತಪ್ಪಿದರೆ ಅರ್ಧ ಸೆಕೆಂಡಿನೊಳಗೆ ಗಾಡಿಯೂ ಪಂಪೂ ತಾವೇ ನಿಲ್ಲಬೇಕು. ರಾಸ್ 2ರ ಡಿಫ್ ಡ್ರೈವ್ ಕಂಟ್ರೋಲರ್‌ನಲ್ಲಿ (ಎಡ-ಬಲ ಚಕ್ರಗಳನ್ನು ನಡೆಸುವ ಭಾಗ) ಈ ಗಡುವು ಮೊದಲೇ 0.5 ಸೆಕೆಂಡ್ ಇರುತ್ತದೆ, ಹೆಚ್ಚಿಸಬೇಡಿ. ಹಲವರ ಗಮನಕ್ಕೆ ಬಾರದ ಅಪಾಯ ಇದರ ನಂತರದ್ದು. ಬ್ರೌಸರ್ ಪುಟವನ್ನು ರಾಸ್‌ಗೆ ಜೋಡಿಸುವ ರಾಸ್‌ಬ್ರಿಡ್ಜ್ ಮೂಲಕ ಕಳಿಸಿದ ಆಜ್ಞೆಗಳು, ತಲುಪದ್ದನ್ನು ಮತ್ತೆ ಮತ್ತೆ ಕಳಿಸುವ ಟಿಸಿಪಿ ದಾರಿಯಲ್ಲಿ ಹೋಗುತ್ತವೆ. ಸಂಪರ್ಕ ತಪ್ಪಿದಾಗ ಅವು ಸಾಲುಗಟ್ಟಿ ಕಾದಿದ್ದು, ಮರಳಿ ಸಿಕ್ಕ ಕೂಡಲೇ ಒಟ್ಟಿಗೆ ನುಗ್ಗುತ್ತವೆ. ಚಾಲಕ ಕೈಬಿಟ್ಟು ಕೂತಿದ್ದರೂ ಗಾಡಿ ಹೊರಡುತ್ತದೆ. ಪ್ರತಿ ಆಜ್ಞೆಗೂ ಸಮಯದ ಮುದ್ರೆ ಒತ್ತಿ, 300 ಮಿಲಿಸೆಕೆಂಡಿಗಿಂತ ಹಳೆಯದನ್ನು ಗಾಡಿ ಬಿಸಾಡುವಂತೆ ಮಾಡಿ. ಜಾಯ್‌ಸ್ಟಿಕ್ ಒಮ್ಮೆ ನಡುವಿಗೆ ಬಂದ ಹೊರತು ಹೊಸ ಆಜ್ಞೆ ಒಪ್ಪಬೇಡಿ.

ಹಂತ 9: ಬಿಸಿಲಲ್ಲಿ ಪರೀಕ್ಷೆ

ಮಾಮೂಲಿ ಲ್ಯಾಪ್‌ಟಾಪ್ ಪರದೆಯ ಬೆಳಕು 250ರಿಂದ 300 ನಿಟ್ (ಪರದೆಯ ಹೊಳಪಿನ ಅಳತೆ). ನೇರ ಬಿಸಿಲಲ್ಲಿ ಓದಲು ಸುಮಾರು 1000 ನಿಟ್ ಬೇಕು. ಕಪ್ಪು ಹಿನ್ನೆಲೆ ಬಿಟ್ಟು ಬಿಳಿ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರ ಹಾಕಿ, ರಟ್ಟಿನ ಮರೆ ಕಟ್ಟಿ, ನೆರಳಲ್ಲಿ ಕೂರಿಸಿ. ಏಪ್ರಿಲ್ ಬಿಸಿಲಿಗೆ ಟ್ಯಾಬ್ಲೆಟ್ ಕಾದರೆ ಬೆಳಕನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಕೈಗವಸು ಹಾಕಿದವರಿಗೆ ಪರದೆಯ ಗುಂಡಿ ಕನಿಷ್ಠ 15 ಮಿ.ಮೀ. ಇರಲಿ.

ಪರೀಕ್ಷೆ ಮಾಡುವವರು ಪರದೆ ಕಟ್ಟಿದವರಾಗಬಾರದು. ತೋಟದಲ್ಲಿ ನಿಜಕ್ಕೂ ಓಡಿಸುವ ನಾಲ್ಕೈದು ಜನರನ್ನು ಕರೆದು, ಗಾಡಿಗೆ ಬೆನ್ನು ಮಾಡಿ ಕೂರಿಸಿ. ಮರಗಳ ಜಾಗದಲ್ಲಿ ಖಾಲಿ ರಟ್ಟಿನ ಡಬ್ಬ, ಕಾಲುವೆಯ ಜಾಗದಲ್ಲಿ ರಂಗೋಲಿ ಪುಡಿಯ ಪಟ್ಟಿ ಸಾಕು. ಓಡಿಸುತ್ತಿರುವಾಗ ಹೇಳದೆ ಕೇಳದೆ ಪರದೆಗೆ ಟವೆಲ್ ಮುಚ್ಚಿ, ಗಾಡಿ ನಿಲ್ಲಿಸಿ, ಕೇಳಿ: ಗಾಡಿ ಎತ್ತ ಮುಖ ಮಾಡಿದೆ? ಬಲಕ್ಕೆ ಹತ್ತಿರದ ಡಬ್ಬ ಎಷ್ಟು ದೂರ? ಪಂಪು ಓಡುತ್ತಿತ್ತೇ? ಇಬ್ಬರು ಒಂದೇ ಪ್ರಶ್ನೆಗೆ ತಪ್ಪಿದರೆ ತಪ್ಪು ಅವರದಲ್ಲ, ಪರದೆಯ ಆ ಭಾಗ ಬದಲಾಗಬೇಕು.

ಆಮೇಲೆ ಲಿನಕ್ಸ್‌ನ ನೆಟ್‌ಎಮ್ ಸೌಲಭ್ಯದಿಂದ ಬೇಕೆಂದೇ 400 ಮಿಲಿಸೆಕೆಂಡ್ ವಿಳಂಬ ಸೇರಿಸಿ ಅದೇ ದಾರಿಯಲ್ಲಿ ಮತ್ತೆ ಓಡಿಸಲು ಹೇಳಿ. ಕೊನೆಗೆ, ಗಾಡಿ ಚಲಿಸುತ್ತಿರುವಾಗಲೇ ಕ್ಯಾಮೆರಾದ ವೈರು ಕೀಳಿ. ಹಳದಿ ಅಂಚು ಕಂಡು ಚಾಲಕ ಕೈ ತೆಗೆಯಲು ಎಷ್ಟು ಹೊತ್ತಾಯಿತು ಎಂದು ಸ್ಟಾಪ್‌ವಾಚಿನಲ್ಲಿ ಅಳೆಯಿರಿ. ಅದು 700 ಮಿಲಿಸೆಕೆಂಡಿಗಿಂತ ಹೆಚ್ಚು ಬಂದರೆ ಅಂಚನ್ನು ಇನ್ನಷ್ಟು ದಪ್ಪ ಮಾಡಿ, ಜೊತೆಗೆ ಬೀಪ್ ಸೇರಿಸಿ, ನಿಲ್ಲುವ ಗೆರೆಯ ಲೆಕ್ಕದಲ್ಲಿ 700ರ ಬದಲು ಆ ಹೊಸ ಅಂಕಿ ಹಾಕಿ.